ಪ್ರತಿಕ್ರಿಯೆ: ನಾವಾತ್ಲ್‌ನ ‘ಮೋಕೋಚೀತಿಯ’ದಲ್ಲಿ ‘ಮೋ’ ಯಾಕೆ?

ಮೆಕ್ಸಿಕೋದ ಮೂಲನಿವಾಸಿಗಳ ಭಾಷೆಯಾದ ನಾವಾತ್ಲ್‌ನಲ್ಲಿ ‘ಮೋ’ ಅಂದರೆ ‘ತನ್ನನ್ನು’ ಅಂತಾದರೆ, ‘ಮೋಕೋಚೀತಿಯ’ಕ್ಕೆ ‘ಅವರು (ಗೌರವದಿಂದ, ಒಬ್ಬರಿಗೆ) ಮಲಗುತ್ತಾರೆ’ ಅನ್ನುವ ಅರ್ಥ ಹೇಗೆ ಬಂತು ಅಂತ ಕೇಳಿದ್ದೀರಿ.

ಮೊದಲು ಸರಳ ರೂಪ ನೋಡಿ. ‘ನಿಕ್ತ್ಲಾಲಿಯ’ ಅಂದರೆ ಅದನ್ನು ಇಡುತ್ತೇನೆ. ‘ನಿನೋತ್ಲಾಲಿಯ’ ಅಂದರೆ ನನ್ನನ್ನೇ ಇಡುತ್ತೇನೆ, ಅಂದರೆ ಕುಳಿತುಕೊಳ್ಳುತ್ತೇನೆ. ನಮ್ಮ ‘ಕೊಳ್ಳು’ ಕ್ರಿಯಾಪದದ ನಂತರ ಬರುತ್ತದೆ, ನಾವಾತ್ಲ್‌ನವರದು ಕ್ರಿಯಾಪದಕ್ಕೆ ಮೊದಲು, ಅದೂ ಕರ್ತೃವಿಗೆ ತಕ್ಕಂತೆ: ನಾನು ‘ನಿನೋ’, ನೀನು ‘ತಿಮೋ’, ನಾವು ‘ತಿತೋ’. ಇದು ಹಳೆಯ, ಶಾಸ್ತ್ರೀಯ ನಾವಾತ್ಲ್. ಪೂರ್ವ ಮೆಕ್ಸಿಕೋದ ವಾಸ್ತೆಕಾ ಪ್ರದೇಶದವರು ಇಂದು ‘ನಿಮೋ’ ಅನ್ನುತ್ತಾರೆ, ಎಲ್ಲ ಪುರುಷಗಳಿಗೂ ‘ಮೋ’ ಒಂದೇ. ಬಹುವಚನದಲ್ಲಿ ‘ಒಬ್ಬರನ್ನೊಬ್ಬರು’ ಅನ್ನುವ ಅರ್ಥವೂ ಬರಬಹುದು, ಸಂದರ್ಭ ನೋಡಿ ತಿಳಿಯಬೇಕು. ವಸ್ತುಗಳಿಗೆ ಹೇಳಿದಾಗ ಕರ್ಮಣಿಯಂತೆ: ‘ಮೋನಮಾಕ’, ಮಾರಾಟವಾಗುತ್ತದೆ.

ಈಗ ನಿಮ್ಮ ಪದ. ‘ಕೋಚಿ’ ಮಲಗು, ‘ಕೋಚೀತಿಯ’ ಮಲಗಿಸು. ಹಾಗಾಗಿ ‘ಮೋಕೋಚೀತಿಯ’ ಅಕ್ಷರಶಃ ‘ತನ್ನನ್ನು ಮಲಗಿಸಿಕೊಳ್ಳುತ್ತಾನೆ’. ಆದರೆ ಇಲ್ಲಿ ಯಾರೂ ಯಾರನ್ನೂ ಮಲಗಿಸುತ್ತಿಲ್ಲ, ಇಡೀ ರಚನೆ ಬರೀ ಮರ್ಯಾದೆಗೆ. ನಾವು ಬಹುವಚನದಿಂದ ಗೌರವ ಕೊಟ್ಟರೆ ಅವರು ಇಂಥ ಪದಗಳಲ್ಲಿ ಆತ್ಮಾರ್ಥಕ (‘ತನ್ನನ್ನು’ ಅನ್ನುವ ‘ಮೋ’) ಮತ್ತು ಪ್ರೇರಣಾರ್ಥಕ (‘ಮಲಗಿಸು’ವಿನಂಥ ರೂಪ) ಜೋಡಿಸಿ ಕೊಡುತ್ತಾರೆ. ಈ ವ್ಯಾಕರಣದಲ್ಲಿ ನನಗೆ ಅತ್ಯಂತ ಚೆಂದ ಕಾಣುವ ಭಾಗ ಇದೇ.

ಹಾಗಾದರೆ ‘ಮೋತ್ಲಾಲಿಯ’ದಂತೆ (ಕುಳಿತುಕೊಳ್ಳುತ್ತಾನೆ) ಮೊದಲೇ ‘ಮೋ’ ಇರುವ ಪದದಲ್ಲಿ ಗೌರವ ತೋರಿಸುವುದು ಹೇಗೆ? ಕೊನೆಗೆ ‘ತ್ಸಿನೋವ’ ಸೇರಿಸಿ: ‘ಮೋತ್ಲಾಲಿತ್ಸಿನೋವ’, ಅವರು ಕುಳಿತುಕೊಳ್ಳುತ್ತಾರೆ.