ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳಿದ್ದರೆ ಒಬ್ಬನೂ ಇಲ್ಲದಂತೆ ಎನ್ನುತ್ತಾರೆ, ನಿಜವೇ?

ನೀವು ಕೇಳಿರುವುದು ಇಷ್ಟು: ಸ್ಯಾನ್ ಹೋಸೆಗೆ ಬಂದು ಸ್ವಲ್ಪ ಕಾಲವಾಗಿದೆ. 2025ರ ಋತುವಿನಲ್ಲಿ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಫಾರ್ಟಿ ನೈನರ್ಸ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ದಾಳಿಯನ್ನು ನಡೆಸಿ ಚೆಂಡು ಎಸೆಯುವ ಆಟಗಾರ, ಬ್ರಾಕ್ ಪರ್ಡಿ ಕಾಲ್ಬೆರಳಿನ ಗಾಯದಿಂದ ಹೊರಗುಳಿದಾಗ ಮ್ಯಾಕ್ ಜೋನ್ಸ್ ಬಂದು ಪಂದ್ಯಗಳನ್ನು ಗೆಲ್ಲಿಸಿದರು, ಅಂದಿನಿಂದ ನಿಮ್ಮ ಕಚೇರಿಯ ಊಟದ ಮೇಜಿನಲ್ಲಿ ಪರ್ಡಿಯೋ ಜೋನ್ಸೋ ಎಂಬ ವಾದ ನಿಂತೇ ಇಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು "ಇಬ್ಬರಿದ್ದರೆ ಒಬ್ಬನೂ ಇಲ್ಲದಂತೆ" ಎಂದು ಷರಾ ಬರೆದು ಎದ್ದು ಹೋದರಂತೆ. ಆ ಮಾತು ನಿಜವೇ, ಇದಕ್ಕಾಗಿ ಜನ ಇಷ್ಟೊಂದು ಯಾಕೆ ಹೊಡೆದಾಡುತ್ತಾರೆ ಎನ್ನುವುದು ನಿಮ್ಮ ಪ್ರಶ್ನೆ.

ನಿಜವಲ್ಲ. ಈ ತಂಡದ ಮಟ್ಟಿಗಂತೂ ಖಂಡಿತ ಅಲ್ಲ. ಹದಿಮೂರು ವರ್ಷ ಇದೇ ತಂಡವನ್ನು ನೋಡಿಕೊಂಡು ಬಂದವನಾಗಿ ಹೇಳುತ್ತಿದ್ದೇನೆ: ನಮ್ಮನ್ನು ಮುಳುಗಿಸಿದ್ದು ಇಬ್ಬರಿದ್ದ ದಿನಗಳಲ್ಲ, ಒಬ್ಬನೂ ಇಲ್ಲದ ಒಂದು ದಿನ. ಆ ದಿನದ ಕಥೆ ಮುಂದೆ ಹೇಳುತ್ತೇನೆ.

ಜಗಳ ಯಾಕೆ ಇಷ್ಟು ಬಿಸಿಯಾಗುತ್ತದೆ ಎಂದು ಮೊದಲು ನೋಡೋಣ. ಕ್ರಿಕೆಟ್ಟಿನಲ್ಲಿ ಕೆ.ಎಲ್. ರಾಹುಲ್ ಎಷ್ಟನೇ ಕ್ರಮಾಂಕದಲ್ಲಿ ಆಡಬೇಕು ಎಂದು ನಾವು ವರ್ಷಗಟ್ಟಲೆ ಚರ್ಚಿಸಿದ್ದೇವೆ. ಆದರೆ ಅಲ್ಲಿ ದಾರಿಗಳಿವೆ. ಆರಂಭಕ್ಕೆ ಬೇಡವೇ, ಐದಕ್ಕೆ ಇಳಿಸಿ, ಕೈಗೆ ಕೀಪಿಂಗ್ ಗ್ಲೌಸ್ ಕೊಡಿ. ಕ್ವಾರ್ಟರ್‌ಬ್ಯಾಕ್‌ಗೆ ಇರುವುದು ಒಂದೇ ಜಾಗ. ಒಬ್ಬ ಮೈದಾನದಲ್ಲಿದ್ದರೆ ಇನ್ನೊಬ್ಬ ಗೆರೆಯಾಚೆ ಟೋಪಿ ಹಾಕಿಕೊಂಡು ನಿಂತಿರಬೇಕು. ಮೇಲಾಗಿ ದಾಳಿಯ ಪ್ರತಿಯೊಂದು ಆಟವೂ ಅವನ ಕೈಯಿಂದಲೇ ಶುರುವಾಗುತ್ತದೆ. ತರಬೇತುದಾರ ಕೈಲ್ ಶ್ಯಾನಹನ್ ಹೇಳುವ ಉದ್ದನೆಯ ಸೂಚನೆ ಹೆಲ್ಮೆಟ್ಟಿನೊಳಗಿನ ಪುಟ್ಟ ಸ್ಪೀಕರಿನಲ್ಲಿ ಅವನ ಕಿವಿಗೆ ಬೀಳುತ್ತದೆ. ಆಟ ಶುರುಮಾಡಲು ಕೊಟ್ಟ ಗಡುವಿನ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ಸಂಪರ್ಕ ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ಅವನು ಒಂಟಿ. ಎದುರಾಳಿಗಳು ನಿಂತಿರುವ ರೀತಿಯನ್ನು ಓದಬೇಕು, ಬೇಕಾದರೆ ಆಟವನ್ನೇ ಬದಲಿಸಬೇಕು, ನೂರಿಪ್ಪತ್ತು ಕಿಲೋ ತೂಕದವರು ಮೈಮೇಲೆ ಬೀಳುವ ಮುನ್ನ ಚೆಂಡನ್ನು ಕೈಯಿಂದ ಬಿಡಬೇಕು. ಇಷ್ಟೆಲ್ಲ ಒಬ್ಬನ ಮೇಲೆ ನಿಂತಿರುವಾಗ, ಆ ಒಬ್ಬ ಯಾರು ಎನ್ನುವುದು ತೂಗುಯ್ಯಾಲೆಯಾದರೆ ಊರಿಗೆ ನಿದ್ದೆ ಬರುವುದಿಲ್ಲ.

ನಾನು ಸನ್ನಿವೇಲ್‌ಗೆ ಬಂದದ್ದು 2012ರ ಬೇಸಿಗೆಯಲ್ಲಿ. ಆಗ ನಾನೂ ನಿಮ್ಮಂತೆಯೇ, ಊಟದ ಮೇಜಿನಲ್ಲಿ ಮೌನವಾಗಿ ಕೇಳಿಸಿಕೊಳ್ಳುವವ. ಅಲೆಕ್ಸ್ ಸ್ಮಿತ್ ಆಗಿನ ಕ್ವಾರ್ಟರ್‌ಬ್ಯಾಕ್. 2005ರಲ್ಲಿ, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, ಇಡೀ ಲೀಗಿನ ಮೊದಲ ಆಯ್ಕೆಯಾಗಿ ಬಂದು, ವರ್ಷಗಟ್ಟಲೆ ಬೈಗುಳ ತಿಂದು, ಅಂತೂ ನೆಲೆ ಕಂಡುಕೊಂಡಿದ್ದರು. ಅಕ್ಟೋಬರ್ ಕೊನೆಯಲ್ಲಿ ಅರಿಜೋನಾ ವಿರುದ್ಧ 19 ಎಸೆತಗಳಲ್ಲಿ 18 ಗುರಿ ಮುಟ್ಟಿದ್ದವು. ಎರಡು ವಾರ ಕಳೆಯುವುದರೊಳಗೆ ತಲೆಗೆ ಪೆಟ್ಟಾಯಿತು. ಮುಂದಿನ ಸೋಮವಾರ ರಾತ್ರಿ ಕಾಲಿನ್ ಕೆಪರ್ನಿಕ್ ಬಂದು ಶಿಕಾಗೊವನ್ನು 32-7ರಿಂದ ಚಿಂದಿ ಮಾಡಿದರು. ಸ್ಮಿತ್ ಗುಣವಾದ ಮೇಲೂ ಆ ಕುರ್ಚಿ ಅವರಿಗೆ ಸಿಗಲಿಲ್ಲ. ರಜೆ ಹಾಕಿ ಆಸ್ಪತ್ರೆಗೆ ಹೋದವನು ಮರಳಿ ಬರುವಷ್ಟರಲ್ಲಿ ಮೇಜಿನ ಮೇಲೆ ಬೇರೆಯವರ ಹೆಸರಿನ ಫಲಕ ಇದ್ದಂತೆ. ನನಗೆ ಅದು ಅನ್ಯಾಯವಾಗಿ ಕಂಡಿತು, ಇವತ್ತಿಗೂ ಕಾಣುತ್ತದೆ. ಕೆಪರ್ನಿಕ್ ತಂಡವನ್ನು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ವರೆಗೆ ಒಯ್ದರು ನಿಜ. ಅಂಕದ ಗೆರೆಯಿಂದ ಐದು ಗಜ ದೂರದಲ್ಲಿ ನಮ್ಮ ನಾಲ್ಕನೇ, ಅಂದರೆ ಕೊನೆಯ ಯತ್ನ ವಿಫಲವಾಗಿ ಬಾಲ್ಟಿಮೋರ್ 34-31ರಿಂದ ಗೆದ್ದಿತು.

ಈ ಕಥೆಯ ಬಾಲವನ್ನು ನಿಮ್ಮ ಹಿರಿಯ ಸಹೋದ್ಯೋಗಿಗೆ ಹೇಳಿ. ಸ್ಮಿತ್ ಕಾನ್ಸಸ್ ಸಿಟಿಗೆ ಹೋದರು. 2017ರಲ್ಲಿ ಆ ತಂಡ ಪ್ಯಾಟ್ರಿಕ್ ಮಹೋಮ್ಸ್ ಎಂಬ ಹುಡುಗನನ್ನು ಆರಿಸಿ, ಒಂದು ವರ್ಷ ಸ್ಮಿತ್ ಹಿಂದೆ ಕೂರಿಸಿ ಕಲಿಸಿತು. ಒಂದು ತಂಡದಲ್ಲಿ ಇಬ್ಬರು. ಹಾಗೆ ಕಾದು ಕಲಿತ ಎರಡನೆಯವನೇ 2020ರಲ್ಲಿ 31-20, 2024ರಲ್ಲಿ 25-22 ಎಂದು ಎರಡು ಸೂಪರ್ ಬೌಲ್‌ಗಳಲ್ಲಿ ನಮ್ಮನ್ನು ಸೋಲಿಸಿದ್ದು.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ತಂಡದ ಹಳೆಯ ಕ್ರೀಡಾಂಗಣ ಕ್ಯಾಂಡಲ್‌ಸ್ಟಿಕ್ ಕಾಲದ ಯಾರನ್ನಾದರೂ ಮಾತಿಗೆ ಎಳೆಯಿರಿ. ನಮ್ಮ ಬೀದಿಯಲ್ಲಿ ಅಂಥ ಹಿರಿಯರೊಬ್ಬರಿದ್ದಾರೆ. ಆಗಿನ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಹೆಸರೆತ್ತಿದರೆ ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿ ಪೈಪನ್ನು ಕೆಳಗಿಡುತ್ತಾರೆ. 1987ರಲ್ಲಿ ತರಬೇತುದಾರ ಬಿಲ್ ವಾಲ್ಶ್ ಟ್ಯಾಂಪಾದಿಂದ ಸ್ಟೀವ್ ಯಂಗ್ ಅವರನ್ನು ತಂದಾಗ ಮೊಂಟಾನಾ ಆಗಲೇ ಎರಡು ಸೂಪರ್ ಬೌಲ್ ಗೆದ್ದವರು. ಆ ಋತುವಿನ ಪ್ಲೇಆಫ್‌ನಲ್ಲಿ ಮಿನೆಸೋಟ ವಿರುದ್ಧ ಸೋಲುತ್ತಿದ್ದಾಗ ವಾಲ್ಶ್ ಮೊಂಟಾನಾ ಅವರನ್ನೇ ಹೊರಗೆ ಕೂರಿಸಿ ಯಂಗ್ ಅವರನ್ನು ಇಳಿಸಿದರು. ದೇವರನ್ನು ಗುಡಿಯಿಂದ ಆಚೆ ಇಟ್ಟ ಹಾಗಾಯಿತು ಎನ್ನುತ್ತಾರೆ ನಮ್ಮ ಹಿರಿಯರು. ಯಂಗ್ ಎಡಗೈಯವರು. ಚೆಂಡು ಉಲ್ಟಾ ಸುತ್ತುತ್ತಾ ಬರುತ್ತದೆ, ಹಿಡಿಯುವವರು ಅದಕ್ಕೂ ಒಗ್ಗಿಕೊಳ್ಳಬೇಕಿತ್ತು. 1988ರಲ್ಲಿ ಅದೇ ಮಿನೆಸೋಟ ವಿರುದ್ಧ ಯಂಗ್ 49 ಗಜ ಓಡಿ, ಕೊನೆಗೆ ಮುಗ್ಗರಿಸುತ್ತಲೇ ಗೆರೆ ದಾಟಿ ಪಂದ್ಯ ಗೆಲ್ಲಿಸಿದರು. ಅದೇ ಋತುವಿನ ಸೂಪರ್ ಬೌಲ್‌ನಲ್ಲಿ ಕೊನೆಯ ನಿಮಿಷಗಳಲ್ಲಿ 92 ಗಜ ಸಾಗಿ ಸಿನ್ಸಿನಾಟಿಯನ್ನು 20-16ರಿಂದ ಸೋಲಿಸಿದವರು ಮೊಂಟಾನಾ. ಇಬ್ಬರೂ ಒಂದೇ ತಂಡದಲ್ಲಿ, ಒಂದೇ ವರ್ಷದಲ್ಲಿ! ಇವರಿಬ್ಬರ ನಡುವೆ ಪ್ರೀತಿ ಇತ್ತೆಂದು ನಾನು ಹೇಳುತ್ತಿಲ್ಲ. ಆದರೆ ಮೊಂಟಾನಾ ಮೊಣಕೈ ಕೆಟ್ಟು 1991ರ ಋತು ಪೂರ್ತಿ ಆಡದೆ ಹೋದಾಗ ತಂಡ ಅನಾಥವಾಗಲಿಲ್ಲ. 1993ರಲ್ಲಿ ಮೊಂಟಾನಾ ಕಾನ್ಸಸ್ ಸಿಟಿಗೆ ಹೋದರು, 1995ರ ಜನವರಿಯ ಸೂಪರ್ ಬೌಲ್‌ನಲ್ಲಿ ಯಂಗ್ ಗೆರೆಯಾಚೆ ಅಂಕ ತರುವ ಆರು ಟಚ್‌ಡೌನ್ ಎಸೆದು ದಾಖಲೆ ಬರೆದರು. ಆ ಸಂಜೆ ತಮ್ಮ ಬೆನ್ನ ಮೇಲಿನ ಕೋತಿಯನ್ನು ಯಾರಾದರೂ ಕಿತ್ತು ತೆಗೆಯಿರಿ ಎಂದು ಯಂಗ್ ಪಕ್ಕದಲ್ಲಿದ್ದವರನ್ನು ಕೇಳುವ ದೃಶ್ಯವನ್ನು ಈಗಲೂ ತೋರಿಸುತ್ತಿರುತ್ತಾರೆ. ಮೊಂಟಾನಾ ನೆರಳಿನಲ್ಲಿ ಎಂಟು ವರ್ಷ ಹೊತ್ತ ಭಾರ ಅದು.

ಈಗ ನಮ್ಮ ಕಾಲಕ್ಕೆ ಬರುತ್ತೇನೆ. 2021ರ ಮಾರ್ಚಿನಲ್ಲಿ ತಂಡ ಡ್ರಾಫ್ಟ್‌ನ 12ನೇ ಸರದಿಯಿಂದ 3ನೇ ಸರದಿಗೆ ಏರಲು ಮುಂದಿನ ಎರಡು ವರ್ಷಗಳ ಮೊದಲ ಸುತ್ತಿನ ಆಯ್ಕೆಗಳನ್ನೂ ಮೂರನೇ ಸುತ್ತಿನ ಒಂದು ಆಯ್ಕೆಯನ್ನೂ ಮಿಯಾಮಿಗೆ ಕೊಟ್ಟಿತು. ಮನೆಯಲ್ಲಿ ಆಗಲೇ ಸೂಪರ್ ಬೌಲ್ ಆಡಿಬಂದ ಜಿಮ್ಮಿ ಗರಾಪಲೊ ಇದ್ದರು. ಆ ಒಂದು ತಿಂಗಳು ಊರೆಲ್ಲ ಮೂರನೆಯ ಆಯ್ಕೆ ಮ್ಯಾಕ್ ಜೋನ್ಸ್ ಎಂದೇ ಮಾತಾಡಿತು. ಹೌದು, ಇದೇ ಜೋನ್ಸ್. ಆರಿಸಿದ್ದು ಮಾತ್ರ ಹಿಂದಿನ ವರ್ಷ ಒಂದೇ ಒಂದು ಪಂದ್ಯ ಆಡಿದ್ದ ಟ್ರೇ ಲ್ಯಾನ್ಸ್ ಅವರನ್ನು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ್ದೆವು, ಅದೂ ಚಿನ್ನದ ದಾರದಲ್ಲಿ.

2022ರ ಸೆಪ್ಟೆಂಬರ್ 18ರಂದು ಸಿಯಾಟಲ್ ವಿರುದ್ಧ ಲ್ಯಾನ್ಸ್ ತವರಿನಲ್ಲಿ ಆಡುವಾಗ ನಾನು ಲೀವೈಸ್ ಕ್ರೀಡಾಂಗಣದಲ್ಲಿದ್ದೆ. ಮೊದಲ ಕಾಲುಭಾಗದಲ್ಲೇ ಚೆಂಡು ಹಿಡಿದು ಓಡಿದವರು ಬಿದ್ದರು, ಏಳಲಿಲ್ಲ. ಪಾದದ ಕೀಲು ಮುರಿದಿತ್ತು. ಕಾಲಿಗೆ ಪಟ್ಟಿ ಬಿಗಿದು ಗಾಡಿಯ ಮೇಲೆ ಕೂರಿಸಿದರು. ತಂಡದವರೆಲ್ಲ ಸುತ್ತುವರಿದರು. ಅರವತ್ತು ಸಾವಿರಕ್ಕೂ ಹೆಚ್ಚು ಜನರಿದ್ದ ಜಾಗದಲ್ಲಿ ಪಕ್ಕದವರು ಉಸಿರೆಳೆಯುವುದು ಕೇಳುತ್ತಿತ್ತು. ಗಾಡಿ ಸುರಂಗದತ್ತ ತಿರುಗಿತು. ಗರಾಪಲೊ ಹೆಲ್ಮೆಟ್ ಹಾಕಿಕೊಳ್ಳುತ್ತಾ ಒಳಗೆ ಓಡಿದರು. ಕ್ರೀಡಾಂಗಣ ಎದ್ದು ಕೂಗಿತು. ಆ ಕೂಗಿನಲ್ಲಿ ನನ್ನ ದನಿಯೂ ಇತ್ತು. ಇಪ್ಪತ್ತೆರಡು ವರ್ಷದ ಹುಡುಗನಿಗೆ ಅದು ಸುರಂಗದೊಳಗೆ ಕೇಳಿಸಿರಬಹುದು ಎಂದು ಹೊಳೆದದ್ದು ಮನೆಗೆ ಹೋಗುವ ರೈಲಿನಲ್ಲಿ. 27-7ರಿಂದ ಗೆದ್ದಿದ್ದೆವು, ನನಗೆ ಊಟ ಸೇರಲಿಲ್ಲ.

ಡಿಸೆಂಬರ್ 4ರಂದು ಗರಾಪಲೊ ಪಾದವೂ ಮುರಿಯಿತು. ಆಗ ಬಂದವರೇ ಪರ್ಡಿ, 2022ರ ಆಯ್ಕೆಯಲ್ಲಿ 262ನೆಯವರು, ಅಂದರೆ ಕಟ್ಟಕಡೆಯವರು. ಮುಂದಿನ ವಾರ ಈ ಆಟದ ದಂತಕಥೆ ಟಾಮ್ ಬ್ರೇಡಿಯ ತಂಡವನ್ನು 35-7ರಿಂದ ಸೋಲಿಸಿದರು. ಅಲ್ಲಿಂದ ಸೋಲೇ ಇಲ್ಲ, 2023ರ ಜನವರಿ 29ರವರೆಗೆ. ಫಿಲಡೆಲ್ಫಿಯಾದಲ್ಲಿ ನಮ್ಮ ಮೊದಲ ದಾಳಿಯಲ್ಲೇ ಅವರ ಎಸೆಯುವ ಕೈಗೆ ಪೆಟ್ಟು ಬಿದ್ದು ಮೊಣಕೈಯ ಅಸ್ಥಿರಜ್ಜು ಹರಿಯಿತು. ನಾಲ್ಕನೆಯವರಾದ ಜಾಶ್ ಜಾನ್ಸನ್ ಬಂದರು, ತಲೆಗೆ ಪೆಟ್ಟಾಗಿ ಅವರೂ ಹೊರನಡೆದರು. ಎಸೆಯಲಾಗದ ಕೈಯಲ್ಲೇ ಪರ್ಡಿ ಮರಳಿ ಬಂದರು. ಚೆಂಡನ್ನು ತೆಗೆದುಕೊಂಡು ಪಕ್ಕದವನ ಹೊಟ್ಟೆಗೆ ಒತ್ತುವುದು, ಅಷ್ಟೇ. ಮತ್ತೆ ಅದೇ. ಎದುರಾಳಿಗಳಿಗೂ ಗೊತ್ತಿತ್ತು, ಟಿವಿ ಮುಂದೆ ಕೂತ ನಮಗೂ ಗೊತ್ತಿತ್ತು. 31-7. ಒಬ್ಬನೂ ಇಲ್ಲದ ದಿನ ಎಂದೆನಲ್ಲ, ಅದು ಇದು. ಅದಾದ ಮೇಲೆ ಲೀಗ್ ನಿಯಮವನ್ನೇ ಬದಲಿಸಿ, ತುರ್ತು ಸಮಯಕ್ಕೆ ಮೂರನೇ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಳ್ಳಲು ಅವಕಾಶ ಮಾಡಿಕೊಟ್ಟಿತು.

ಇಷ್ಟು ನೋಡಿದ ಮೇಲೆ ನನಗೆ ಒಂದು ಖಚಿತವಾಗಿದೆ. ನಾವು ಊಟದ ಮೇಜಿನಲ್ಲಿ ಎಷ್ಟು ವಾದಿಸಿದರೂ ತೀರ್ಪು ಕೊಡುವುದು ಬಹುತೇಕ ಯಾವುದೋ ಕೀಲು, ಯಾವುದೋ ಮೂಳೆ. ಹೀಗಿರುವಾಗ ಎರಡನೆಯವನನ್ನು ಹೊರೆ ಎನ್ನುವುದು ಹೇಗೆ? ಜೋನ್ಸ್ ಅವರನ್ನೇ ನೋಡಿ. ನ್ಯೂ ಇಂಗ್ಲೆಂಡಿನಲ್ಲಿ 15ನೇ ಆಯ್ಕೆಯಾಗಿ ಮೆರೆದು, ಅಲ್ಲಿ ಬೇಡವಾಗಿ, ಜಾಕ್ಸನ್‌ವಿಲ್ ಸುತ್ತಿ, ನಾಲ್ಕು ವರ್ಷದ ಹಿಂದೆ ತಮ್ಮನ್ನು ಬಿಟ್ಟ ತಂಡಕ್ಕೇ ಬದಲಿ ಆಟಗಾರನಾಗಿ ಬಂದರು. ಅಕ್ಟೋಬರಿನ ಒಂದು ಗುರುವಾರ ರಾತ್ರಿ ಲಾಸ್ ಏಂಜಲೀಸ್‌ನಲ್ಲಿ ರ‍್ಯಾಮ್ಸ್ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 26-23ರಿಂದ ಸೋಲಿಸಿದರು. ನಿಮ್ಮ ಸಹೋದ್ಯೋಗಿಗಳ ಜಗಳ ಹೊತ್ತಿಕೊಂಡದ್ದು ಬಹುಶಃ ಆ ಮರುದಿನವೇ ಇರಬೇಕು.

ನನ್ನ ಮತ ಯಾರಿಗೆ? ಪರ್ಡಿಗೆ. ಸಂಬಳ ನೋಡಿ ಹೇಳುತ್ತಿಲ್ಲ. 2025ರ ಮೇ ತಿಂಗಳಲ್ಲಿ ಐದು ವರ್ಷಕ್ಕೆ 26.5 ಕೋಟಿ ಡಾಲರಿನ ಒಪ್ಪಂದವಾಯಿತು. ಆ ವರ್ಷ ತಂಡದ ಎಲ್ಲ ಆಟಗಾರರ ಸಂಬಳಕ್ಕೆ ಲೀಗ್ ಇಟ್ಟ ಮಿತಿ 27.92 ಕೋಟಿ ಎಂದರೆ ಒಬ್ಬರ ಪಾಲಿನ ಗಾತ್ರ ಅಂದಾಜಾಗುತ್ತದೆ. "ಇಷ್ಟು ಕೊಟ್ಟು ಇವರನ್ನೇಕೆ ಇಟ್ಟುಕೊಂಡೆವು" ಎಂಬ ಕೂಗಿಗೆ ಇದೇ ಮೂಲ, ಆ ಲೆಕ್ಕವನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ಜೋನ್ಸ್ ಶ್ಯಾನಹನ್ ಬರೆದ ಆಟವನ್ನು ಬರೆದಂತೆ ಆಡುತ್ತಾರೆ, ಹೊತ್ತಿಗೆ ಸರಿಯಾಗಿ, ಶಿಸ್ತಾಗಿ. ಬರೆದದ್ದು ಹರಿದುಹೋದಾಗ ಏನು ಮಾಡಬೇಕು ಎನ್ನುವುದು ಪರ್ಡಿಗೆ ಗೊತ್ತು. ಇಬ್ಬರು ಮೈಮೇಲೆ ಬರುತ್ತಿರುವಾಗ ಭುಜ ತಗ್ಗಿಸಿ ಸುತ್ತಿ, ಬಲಕ್ಕೆ ಜಾರಿ, ಕಣ್ಣನ್ನು ಮಾತ್ರ ದೂರದಿಂದ ಕೀಳದೆ ಎಸೆಯುತ್ತಾರೆ. ಕೆಲವೊಮ್ಮೆ ಅದು ನೇರ ಎದುರಾಳಿಯ ಕೈಗೇ ಹೋಗುತ್ತದೆ. ಹೋಗಲಿ. ಜನವರಿಯ ಪ್ಲೇಆಫ್ ಪಂದ್ಯಗಳಲ್ಲಿ ಬರೆದದ್ದು ಹರಿಯದೆ ಇರುವುದೇ ಇಲ್ಲ.

ಒಮ್ಮೆ ಕ್ರೀಡಾಂಗಣಕ್ಕೆ ಹೋಗಿಬನ್ನಿ. ಸ್ಯಾನ್ ಹೋಸೆಯಿಂದ ವಿಟಿಎ ರೈಲು ಬಾಗಿಲ ಬಳಿಯೇ ಇಳಿಸುತ್ತದೆ. ಪಂದ್ಯ ಶುರುವಾಗುವ ಒಂದೂವರೆ ಗಂಟೆ ಮುಂಚೆ ಒಳಗೆ ಸೇರಿಕೊಂಡು ಗೆರೆಯ ಹತ್ತಿರ ನಿಂತು ಅಭ್ಯಾಸ ನೋಡಿ. ಎಲ್ಲರ ಮೊಬೈಲುಗಳೂ ಮೊದಲನೆಯವನ ಕಡೆಗೇ ತಿರುಗಿರುತ್ತವೆ. ನೀವು ಎರಡನೆಯವನ ಎಸೆತಗಳನ್ನು ಒಂದು ಹತ್ತು ನಿಮಿಷ ನೋಡಿ, ಅವನು ಆ ದಿನ ಆಡುವುದೇ ಇಲ್ಲವೆಂದು ಗೊತ್ತಿದ್ದೂ ಪ್ರತಿಯೊಂದನ್ನೂ ಹೇಗೆ ಎಸೆಯುತ್ತಾನೆ ಎಂದು.