ಪೂರ್ತಿ ತೊಳೆದರೂ ಫಿಶ್ ಟ್ಯಾಂಕ್ ಮತ್ತೆ ಹಸಿರಾಗುವುದೇಕೆ?

ಪ್ರಶ್ನೆ: ನಾವು ಡೊಂಬಿವ್ಲಿಯಲ್ಲಿದ್ದೇವೆ. ಮಗಳ ಆಸೆಗೆ ಒಂದೂವರೆ ಅಡಿಯ ಫಿಶ್ ಟ್ಯಾಂಕ್ ತಂದು ಹಾಲ್‌ನ ಕಿಟಕಿ ಪಕ್ಕ ಇಟ್ಟಿದ್ದೇವೆ. ಎರಡು ಗೋಲ್ಡ್‌ಫಿಶ್ ಇವೆ, ಗಿಡ ಪ್ಲಾಸ್ಟಿಕ್‌ನವು. ಹದಿನೈದು ದಿನಕ್ಕೊಮ್ಮೆ ನೀರೆಲ್ಲ ಚೆಲ್ಲಿ, ಕಲ್ಲು, ಫಿಲ್ಟರ್ ಸಮೇತ ತೊಳೆಯುತ್ತೇನೆ. ವಾರದೊಳಗೆ ಗಾಜು ಮತ್ತೆ ಹಸಿರು. ಅಂಗಡಿಯವರು ಪಾಚಿ ತಿನ್ನುವ ಸಕ್ಕರ್ ಮೀನು ಬಿಡಿ ಅನ್ನುತ್ತಾರೆ. ಬಿಡಲೇ?

ಉತ್ತರ: ಸಕ್ಕರ್ ಬೇಡ. ಅಂಗಡಿಯಲ್ಲಿ ಬೆರಳುದ್ದ ಕಾಣುವ ಆ ಮೀನು ಒಂದಡಿ ದಾಟಿ ಬೆಳೆಯುತ್ತದೆ. ಮಾಡುವ ಗಲೀಜೂ ಜಾಸ್ತಿ. ಸಾಕಲಾಗದೆ ಜನ ಕೆರೆಗೆ ಬಿಡುತ್ತಾರೆ, ಅಲ್ಲಿನ ಮೀನುಗಳಿಗೆ ಕುತ್ತು.

ಪಾಚಿಗೆ ಬೇಕಾದ್ದು ಬೆಳಕು ಮತ್ತು ಗೊಬ್ಬರ. ನೀವು ತೊಳೆದದ್ದು ಪಾಚಿಯನ್ನು, ಇವೆರಡೂ ಹಾಗೇ ಉಳಿದಿವೆ. ಮೊದಲು ಟ್ಯಾಂಕನ್ನು ಕಿಟಕಿಯಿಂದ ದೂರ ಸರಿಸಿ. ಲೈಟ್ ದಿನಕ್ಕೆ 6ರಿಂದ 8 ಗಂಟೆ ಸಾಕು. ಮರೆತುಹೋಗುವುದಾದರೆ ಪ್ಲಗ್‌ಗೆ ಟೈಮರ್ ಹಾಕಿ.

ಇನ್ನು ಗೊಬ್ಬರ. ಮೀನಿನ ಮಲ, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಫಿಲ್ಟರ್ ಸ್ಪಂಜಿನಲ್ಲಿ, ಕಲ್ಲಿನಲ್ಲಿ ನೆಲೆಸಿದ ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ಮೀನಿಗೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಪಾಚಿಗೆ ಅದೇ ಗೊಬ್ಬರ. ನಲ್ಲಿ ನೀರಲ್ಲಿ ಎಲ್ಲವನ್ನೂ ಉಜ್ಜಿದರೆ ಕ್ಲೋರಿನ್‌ಗೆ ಅವು ಸಾಯುತ್ತವೆ. ಅಮೋನಿಯಾ ಏರಿ ಮೀನು ಒದ್ದಾಡುತ್ತದೆ. ದಯವಿಟ್ಟು ಇದನ್ನು ಇವತ್ತೇ ನಿಲ್ಲಿಸಿ. ಬದಲಿಗೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ತಳದ ಕಸವನ್ನು ಪೈಪಿನಿಂದ ಎಳೆಯಿರಿ. ಹೀಗೆ ತೆಗೆದ ಹಳೇ ನೀರಲ್ಲೇ ಸ್ಪಂಜನ್ನು ಮೆಲ್ಲಗೆ ಹಿಂಡಿ. ಹೊಸ ನೀರಿಗೆ ಆ್ಯಂಟಿ-ಕ್ಲೋರಿನ್ ಹನಿ ಹಾಕಿದ ಮೇಲೆಯೇ ಸುರಿಯಿರಿ. ಆಹಾರ ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಇರಲಿ. ಮಗಳು ಪ್ರೀತಿಯಿಂದ ಜಾಸ್ತಿ ಹಾಕುತ್ತಾಳೆ, ಅಲ್ವಾ? ಒಂದು ಚಿಟಿಕೆಯ ಅಳತೆ ತೋರಿಸಿಕೊಡಿ.

ಪ್ಲಾಸ್ಟಿಕ್ ಗಿಡ ಗೊಬ್ಬರ ಹೀರುವುದಿಲ್ಲ. ಮುಂಬೈನ ಕ್ರಾಫರ್ಡ್ ಮಾರ್ಕೆಟ್ ಕಡೆ ಹೋದಾಗ ನೀರಲ್ಲೇ ಬೆಳೆಯುವ ಗಿಡ ಹಾರ್ನ್‌ವರ್ಟ್ ಕೇಳಿ. ಗೋಲ್ಡ್‌ಫಿಶ್ ಅದನ್ನು ಕಚ್ಚಿ ಹಾಳುಮಾಡಿದರೆ ಮನೆಯ ಮನಿಪ್ಲಾಂಟ್ ಬಳ್ಳಿಯ ಬೇರನ್ನು ನೀರಿಗೆ ಇಳಿಬಿಡಿ, ಎಲೆ ಹೊರಗಿರಲಿ. ನನಗೆ ಇದಕ್ಕಿಂತ ಸುಲಭದ ದಾರಿ ಕಾಣುವುದಿಲ್ಲ.

ಪಾಚಿ ಕೊಲ್ಲುವ ಔಷಧಿ ಬೇಡ. ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ತಿಂದುಬಿಡುತ್ತದೆ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ನಿಮ್ಮ ಟ್ಯಾಂಕಿನಲ್ಲಿ 30 ಲೀಟರಿನ ಆಸುಪಾಸು ನೀರಿರಬಹುದು. ಬೆಳೆಯುವ ಎರಡು ಗೋಲ್ಡ್‌ಫಿಶ್‌ಗೆ ಅದು ಸಾಲದು. ದೊಡ್ಡ ಟ್ಯಾಂಕ್ ಇರುವವರಿಗೆ ಅವನ್ನು ಕೊಟ್ಟು ನಾಲ್ಕೈದು ಗಪ್ಪಿ ಸಾಕಿದರೆ ಮೀನಿಗೂ ಹಿತ, ಪಾಚಿಯೂ ಕಡಿಮೆ. ಗಪ್ಪಿ ಬೇಗ ಮರಿ ಹಾಕುತ್ತದೆ, ಗಂಡು ಮೀನನ್ನೇ ಆರಿಸಿ.

ಗಾಜಿನ ಮೇಲೆ ಈಗಿರುವ ಹಸಿರನ್ನು ನೀರು ಬದಲಿಸುವ ಮೊದಲು ಹಳೇ ಎಟಿಎಂ ಕಾರ್ಡಿನಿಂದ ಕೆರೆಯಿರಿ. ಮೊದಲ ವಾರವೇ ಫರಕು ಕಾಣದಿದ್ದರೆ ಗಾಬರಿಯಾಗಬೇಡಿ. ಮೂರ್ನಾಲ್ಕು ವಾರ ಬಿಡದೆ ಮಾಡಿ.