ಓದುಗರ ಪ್ರಶ್ನೆ, ನಮ್ಮ ಉತ್ತರ: ಗುಂಪಿನಿಂದ ಹೊರಗೆ ನಿಂತವರ ಕಥೆಗಳು

ಪ್ರಶ್ನೆ: ಒಂಬತ್ತನೇ ತರಗತಿಯ ನನ್ನ ಮಗಳು ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಯಿಂದ ‘ದಿ ಚಾಕೊಲೇಟ್ ವಾರ್’ ಎಂಬ ಇಂಗ್ಲಿಷ್ ಕಾದಂಬರಿಯನ್ನು ತಂದು ಓದುತ್ತಿದ್ದಾಳೆ. ಶಾಲೆಗೇ ಎದುರು ನಿಲ್ಲುವ ಹುಡುಗನ ಕಥೆಯಂತೆ. ಇಂಥ ಪುಸ್ತಕಗಳು ಮಕ್ಕಳಿಗೆ ಮೊಂಡುತನವನ್ನು ಕಲಿಸುವುದಿಲ್ಲವೇ?
– ಒಬ್ಬ ತಾಯಿ, ಜಯನಗರ

ಉತ್ತರ: ನಿಮ್ಮ ಆತಂಕ ಸಹಜವಾದದ್ದು. ಆದರೆ ಈ ಕಾದಂಬರಿಯನ್ನು ಕೊನೆಯವರೆಗೆ ಓದಿದವರು ಎದುರು ನಿಲ್ಲುವುದು ಸುಲಭವೆಂದು ಎಂದೂ ಭಾವಿಸಲಾರರು. ರಾಬರ್ಟ್ ಕಾರ್ಮಿಯರ್ 1974ರಲ್ಲಿ ಪ್ರಕಟಿಸಿದ ಈ ಕೃತಿಯಲ್ಲಿ, ಹುಡುಗರ ಕ್ಯಾಥೊಲಿಕ್ ಶಾಲೆಯೊಂದು ಹಣ ಕೂಡಿಸಲು 20,000 ಪೆಟ್ಟಿಗೆ ಚಾಕೊಲೇಟ್ ತರಿಸಿ, ತಲೆಗೆ 50ರಂತೆ ಮಾರಲು ವಿದ್ಯಾರ್ಥಿಗಳಿಗೆ ಹಂಚುತ್ತದೆ. ತರಗತಿಯಲ್ಲಿ ಹಾಜರಿ ಕೂಗಿದಂತೆ ಹೆಸರು ಕೂಗಿ ಲೆಕ್ಕ ಕೇಳುವಾಗ ಜೆರ್ರಿ ರೆನೊ ಎಂಬ ಹುಡುಗನೊಬ್ಬನೇ ‘ಇಲ್ಲ’ ಎನ್ನುತ್ತಾನೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ: ಮೊದಲ ಹತ್ತು ದಿನ ಅವನು ಹೇಳುವ ‘ಇಲ್ಲ’ ಅವನದ್ದಲ್ಲ, ಶಾಲೆಯಲ್ಲಿ ಗುಟ್ಟಾಗಿ ದರ್ಬಾರು ನಡೆಸುವ ವಿದ್ಯಾರ್ಥಿಗಳ ಗುಂಪೊಂದರ ಅಪ್ಪಣೆ. ಆ ಗಡುವು ಮುಗಿದು, ಇನ್ನು ಮಾರಬೇಕೆಂದು ಎಲ್ಲರೂ ಕಾದಿರುವ ದಿನ ಅವನು ಮತ್ತೊಮ್ಮೆ ‘ಇಲ್ಲ’ ಎನ್ನುತ್ತಾನಲ್ಲ, ಅದು ಅವನ ಸ್ವಂತ ಮಾತು. ಅಪ್ಪಣೆಯ ಮೇರೆಗೆ ಮಾಡುವ ಪ್ರತಿಭಟನೆಗೂ ಒಳಗಿನಿಂದ ಬಂದ ನಿರಾಕರಣೆಗೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ಕಾಣಿಸಿದ ಕಥೆಗಳು ಕಡಿಮೆ. ಮೊಂಡುತನಕ್ಕೆ ಇಂಥ ವಿವೇಚನೆಯ ಅಗತ್ಯವೇ ಇರುವುದಿಲ್ಲ.

ಆದರೂ ಈ ಪುಸ್ತಕದಲ್ಲಿ ನನ್ನನ್ನು ಹೆಚ್ಚು ಕಾಡುವವನು ಜೆರ್ರಿಯಲ್ಲ, ಅವನ ಗೆಳೆಯ ಗೂಬರ್. ಅವನೂ ಸದ್ದಿಲ್ಲದೆ ಚಾಕೊಲೇಟ್ ಮಾರುವುದನ್ನು ನಿಲ್ಲಿಸುತ್ತಾನೆ. ಆದರೆ ಅವನು ಮಾರದ ಪೆಟ್ಟಿಗೆಗಳನ್ನೂ ಅವನ ಲೆಕ್ಕಕ್ಕೇ ಸೇರಿಸಿ, ಗುರಿ ಮುಟ್ಟಿದನೆಂದು ಎಲ್ಲರೆದುರು ಸಾರಿದಾಗ, ಅದು ಸುಳ್ಳೆಂದು ಹೇಳಲು ಅವನಿಗೆ ಬಾಯಿ ಬರುವುದಿಲ್ಲ. ಜೆರ್ರಿ ಒಂಟಿಯಾಗುತ್ತಾನೆ, ಕೊನೆಗೆ ಇಡೀ ಶಾಲೆಯ ಕಣ್ಣೆದುರಿಗೆ ಏಟು ತಿನ್ನುತ್ತಾನೆ.

ಒಂಟಿಯಾಗುವುದು ಎಷ್ಟು ದುಬಾರಿ ಎಂಬುದನ್ನು ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1950ರ ದಶಕದ ತಮ್ಮ ಪ್ರಸಿದ್ಧ ಪ್ರಯೋಗದಲ್ಲಿ ತೋರಿಸಿದ್ದರು. ಗೆರೆಗಳ ಉದ್ದವನ್ನು ಹೋಲಿಸುವ ಸರಳ ಕೆಲಸದಲ್ಲಿ ಸುತ್ತಲಿನವರೆಲ್ಲ ಬೇಕೆಂದೇ ತಪ್ಪು ಹೇಳಿದಾಗ, ಪರೀಕ್ಷೆಗೆ ಕೂತವರು ಸುಮಾರು ಮೂರರಲ್ಲಿ ಒಂದು ಸಲ ಗುಂಪಿನಲ್ಲಿ ಗೋವಿಂದ ಎಂದರು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೂ ಆ ಪ್ರಮಾಣ ಗಣನೀಯವಾಗಿ ಕುಸಿಯಿತು. ಗೂಬರ್ ಆ ಒಬ್ಬನಾಗಬಹುದಿತ್ತು. ನಿಮ್ಮ ಮಗಳೊಂದಿಗೆ ಮಾತಾಡುವುದಾದರೆ ಅವನ ಬಗ್ಗೆ ಮಾತಾಡಿ. ಕೃತಿಯಲ್ಲಿ ಹಿಂಸೆ ಇರುವುದರಿಂದ ಮೊದಲು ನೀವೂ ಓದುವುದು ಒಳ್ಳೆಯದು.

ಪ್ರಶ್ನೆ: ‘ಸ್ಟಾರ್‌ಗರ್ಲ್’ ಓದಿದೆ. ಅಷ್ಟು ಪ್ರೀತಿಸುವ ಲಿಯೊ ಅವಳಿಗೆ ಎಲ್ಲರಂತೆ ಇರು ಎಂದು ಏಕೆ ಹೇಳುತ್ತಾನೆ? ಓದುವಾಗ ಸಿಟ್ಟು ಬಂತು.
– ಪಿಯುಸಿ ವಿದ್ಯಾರ್ಥಿನಿ, ಬಸವನಗುಡಿ

ಉತ್ತರ: ನಿಮಗೆ ಬಂದ ಸಿಟ್ಟು ನ್ಯಾಯವಾದದ್ದೇ. ಜೆರ್ರಿ ಸ್ಪಿನೆಲಿಯವರ ಈ ಕಾದಂಬರಿ (2000) ಅರಿಜೋನಾದ ಒಂದು ಹೈಸ್ಕೂಲಿನಲ್ಲಿ ನಡೆಯುತ್ತದೆ. ಯುಕುಲೆಲೆ ನುಡಿಸುತ್ತ, ಸಾಕಿದ ಇಲಿಯನ್ನು ಶಾಲೆಗೆ ತರುವ ಹುಡುಗಿಯನ್ನು ಮೊದಲು ಮೆಚ್ಚಿ ತಲೆಯ ಮೇಲೆ ಹೊತ್ತವರೇ, ಅವಳು ಎದುರಾಳಿ ತಂಡಕ್ಕೂ ಚಪ್ಪಾಳೆ ತಟ್ಟಿದಾಗ ಮಾತು ಬಿಡುತ್ತಾರೆ. ಅವಳ ಪಕ್ಕ ನಡೆಯುವ ಲಿಯೊನನ್ನೂ ಯಾರೂ ಮಾತಾಡಿಸುವುದಿಲ್ಲ. ಅವನು ಕೆಟ್ಟವನಲ್ಲ, ಆ ಮೌನವನ್ನು ತಾಳಲಾರದವನು. ಅವನ ಮಾತಿಗೆ ಅವಳು ಸೂಸನ್ ಎಂಬ ಹಳೆಯ ಹೆಸರಿಗೆ ಮರಳಿ, ಎಲ್ಲರಂತೆ ಉಟ್ಟು ತೊಟ್ಟು ನೋಡುತ್ತಾಳೆ, ಆದರೂ ಜನ ಒಲಿಯುವುದಿಲ್ಲ. ಲೇಖಕರು ಕಥೆಯನ್ನು ಅವಳ ಬಾಯಿಂದ ಹೇಳಿಸದೆ, ಕೈಬಿಟ್ಟವನ ಬಾಯಿಂದಲೇ ಹೇಳಿಸಿದ್ದಾರೆ. ಸೋತವನಿಗೇ ಕಥೆಯನ್ನು ಒಪ್ಪಿಸಿದ ಈ ಆಯ್ಕೆಯನ್ನು ನಾನು ಬಹಳ ಗೌರವಿಸುತ್ತೇನೆ, ಏಕೆಂದರೆ ಓದುವವರಲ್ಲಿ ಬಹುಪಾಲು ಮಂದಿ ಸ್ಟಾರ್‌ಗರ್ಲ್‌ಗಿಂತ ಲಿಯೊಗೇ ಹತ್ತಿರವಿರುತ್ತೇವೆ.

ಪ್ರಶ್ನೆ: ಅಮೆರಿಕದ ಲಾಕರ್, ಚಿಯರ್‌ಲೀಡರ್‌ಗಳ ಈ ಲೋಕ ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಹೇಗೆ ತಟ್ಟೀತು?
– ಶಿಕ್ಷಕ, ಮಲ್ಲೇಶ್ವರ

ಉತ್ತರ: ಹೊರಗಿನ ಚೌಕಟ್ಟು ಬೇರೆ ನಿಜ. ಅಲ್ಲಿ ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷ ಅದೇ ಮುಖಗಳು, ಅದೇ ಊಟದ ಮೇಜು. ನಮ್ಮಲ್ಲಿ ಹತ್ತನೆಯದು ಮುಗಿಯುತ್ತಿದ್ದಂತೆ ಕಾಲೇಜು ಬದಲಾಗಿ ಗುಂಪು ಚದುರುತ್ತದೆ. ಆದರೆ ಶಾಲಾ ವ್ಯಾನಿನಲ್ಲಿ ಯಾರ ಪಕ್ಕ ಯಾರು ಕೂರಬೇಕು, ವಾಟ್ಸ್ಯಾಪ್ ಗುಂಪಿನಿಂದ ಯಾರನ್ನು ತೆಗೆಯಬೇಕು, ಮಾರ್ಕ್ಸ್ ಚೆನ್ನಾಗಿರುವಾಗ ಸೈನ್ಸ್ ಬಿಟ್ಟು ಆರ್ಟ್ಸ್ ಎಂದವನನ್ನು ಹೇಗೆ ನೋಡಬೇಕು ಎಂಬುದನ್ನು ನಿಮ್ಮ ತರಗತಿಯೂ ತೀರ್ಮಾನಿಸುತ್ತಲೇ ಇರುತ್ತದೆ. ಕಾದಂಬರಿಯ ಒಂದು ಅಧ್ಯಾಯವನ್ನು ಕನ್ನಡದಲ್ಲಿ ಹೇಳಿ, ಅದೇ ಘಟನೆಯನ್ನು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ನೋಡಿದ ವಿದ್ಯಾರ್ಥಿಯ ಮಾತಿನಲ್ಲಿ ಬರೆಯಲು ಹೇಳಿ. ಬರೆದದ್ದನ್ನು ಗಟ್ಟಿಯಾಗಿ ಓದಿಸಬೇಡಿ, ಅಂಕವನ್ನೂ ಕೊಡಬೇಡಿ. ಹೆಸರು ಬರೆಯದೆ ಕೊಡಲು ಬಿಟ್ಟರೆ ಮಕ್ಕಳು ನಿಜ ಬರೆಯುತ್ತಾರೆ.